ಇಂದಿನ ಪ್ರೇಕ್ಷಕರ ಸಂಖ್ಯೆ

1976, ಏಪ್ರಿಲ್ 10, ಶನಿವಾರ

ನಮ್ಮ ಬೇಸ್‌ಬಾಲ್ ಮೈದಾನದಲ್ಲಿ ಈ ವರ್ಷದ ಮೊದಲ ಆಟ. ನಮ್ಮ ತಂಡ ಹೆರಾನ್ಸ್ ಸೋತಿತು, 6-2. ಹತ್ತೊಂಬತ್ತನೇ ವಯಸ್ಸಿನಲ್ಲಿ ಈ ಮೈಕಿನ ಮುಂದೆ ಕೂತವಳು ನಾನು. ಇದು ಇಪ್ಪತ್ತನಾಲ್ಕನೆಯ ವರ್ಷ.

ಆಟದ ದಿನ ತಪ್ಪದೆ ಮಾಡುವ ಹಾಗೆ ಉಪ್ಪುನೀರಿನಲ್ಲಿ ತೊಳೆದುಕೊಂಡಿದ್ದೆ, ಗಂಟಲು ಚೆನ್ನಾಗಿತ್ತು. ಎದುರಾಳಿ ತಂಡದ ಹೊಸ ಹುಡುಗನ ಉದ್ದನೆಯ ಹೆಸರನ್ನೂ ತೊದಲದೆ ಹೇಳಿದೆ. ಏಳನೆಯ ಸುತ್ತಿನ ಬಿಡುವಿನಲ್ಲಿ ಎಂದಿನಂತೆ ಮೈದಾನದ ಮ್ಯಾನೇಜರ್ ಅಕುತ್ಸು ಅವರ ಕೋಣೆಯಿಂದ ಚೀಟಿ ಬಂತು. ಚೀಟಿಯಲ್ಲಿದ್ದದ್ದನ್ನು ಓದಿದೆ: "ಇಂದಿನ ಪ್ರೇಕ್ಷಕರ ಸಂಖ್ಯೆ, ಐದು ಸಾವಿರ."

ಮೂರನೇ ಬೇಸಿನ ಕಡೆಯ ಮೇಲ್ಸಾಲಿನಿಂದ ಆ ಮುದುಕ ಕೂಗಿದ:

"ಏನಮ್ಮಾ ಕೋಗಿಲೆ, ಕೈಬೆರಳು ಕಾಲ್ಬೆರಳು ಎಲ್ಲಾ ಸೇರಿಸಿ ಎಣಿಸಿದ್ಯಾ?"

ನಮ್ಮ ಆಟಗಾರರೇ ಬೆಂಚಿನಲ್ಲಿ ಬಿದ್ದು ಬಿದ್ದು ನಕ್ಕರು. ಖಾಲಿ ಮೈದಾನದಲ್ಲಿ ಒಬ್ಬ ಕೂಗಿದರೂ ಎಲ್ಲರಿಗೂ ಕೇಳಿಸುತ್ತದೆ. ಹೋದ ವರ್ಷವೂ ಹೀಗೇ ಕಾಡಿದ. ಮುದುಕನ ಲೆಕ್ಕ ಹಿಡಿದರೆ, ಒಬ್ಬೊಬ್ಬರಿಗೆ ಇಪ್ಪತ್ತು ಬೆರಳಿನಂತೆ, ಇನ್ನೂರೈವತ್ತು ಜನ. ಇದ್ದದ್ದೂ ಹೆಚ್ಚುಕಮ್ಮಿ ಅಷ್ಟೇ ಅನ್ನುವುದು ಬೇರೆ ಮಾತು.

ಎಲ್ಲ ಊರುಗಳಲ್ಲೂ ಹೀಗೇ ಓದುತ್ತಾರೆ. ಇದಕ್ಕೆ ಸುಳ್ಳು ಅನ್ನುವುದಿಲ್ಲ, ಪದ್ಧತಿ ಅನ್ನುತ್ತಾರೆ. ಆಟಗಾರರ ಮರ್ಯಾದೆ, ಮೈದಾನ ಕಟ್ಟಿಸಿದ ರೈಲು ಕಂಪನಿಯ ಮರ್ಯಾದೆ ಎಲ್ಲ ಇದರಲ್ಲಿದೆ. ಕೂತು ಕೂಗುವವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಈ ಸಲ ದೂರು ಕೊಟ್ಟೇ ಕೊಡುತ್ತೇನೆ.

ಮೇ 18, ಮಂಗಳವಾರ

ದೂರು ಕೊಟ್ಟು ಒಂದು ವಾರವಾಯಿತು. ಅಕುತ್ಸು ತಾವೇ ಮೇಲ್ಸಾಲಿಗೆ ಹೋಗಿ, ಟೊಪ್ಪಿ ಕೈಯಲ್ಲಿ ಹಿಡಿದು, ಮಾತಾಡಿ ಬಂದರಂತೆ. ಇವತ್ತು ಮುದುಕ ಬಂದ, ಅದೇ ಜಾಗದಲ್ಲಿ ಕೂತ, ತುಟಿಪಿಟಿಕ್ಕೆನ್ನಲಿಲ್ಲ. ನಾನು "ನಾಲ್ಕು ಸಾವಿರ" ಎಂದು ಓದಿದಾಗಲೂ ಸುಮ್ಮನೆ ಕೂತಿದ್ದ.

ಗೇಟಿನಲ್ಲಿ ಟಿಕೆಟ್ ಹರಿಯುವ ಮಿತ್ಸುಯೊಳಿಗೆ ಮಾತ್ರ ಸಿಟ್ಟು.

"ಪಾಪ, ಅಜ್ಜನ ಬಾಯಿ ಯಾಕೆ ಮುಚ್ಚಿಸಿದ್ರಿ ಅಕ್ಕಾ? ಕುಸಕಾ ಅಜ್ಜ ನೂಲಿನ ಗಿರಣಿಲಿ ಮಗ್ಗ ರಿಪೇರಿ ಮಾಡ್ತಿದ್ದೋರು. ಆ ಸದ್ದಲ್ಲಿ ಮೂವತ್ತು ವರ್ಷ ಕಿರುಚಿ ಕಿರುಚಿ ಅದೇ ಅವ್ರ ಮಾತಾಗ್ಬಿಟ್ಟಿದೆ. ಕಿವಿನೂ ಅರ್ಧ ಹೋಗಿದೆ."

"ಕಿವಿ ಹೋದೋರಿಗೆ ನಾನು ಓದೋ ನಂಬರ್ ಮಾತ್ರ ಹೇಗೆ ಕೇಳತ್ತೆ?"

"ಸ್ಪೀಕರಲ್ಲಿ ಬರೋದೊಂದೇ ಸರಿಯಾಗಿ ಕೇಳೋದಂತೆ ಅವ್ರಿಗೆ. ಅವ್ರೇ ಅಂದ್ರು."

ಇರಲಿ. ನನಗೆ ನೆಮ್ಮದಿಯಾಗಿದೆ.

ಜೂನ್ 15, ಮಂಗಳವಾರ

ಎಷ್ಟು ಮೌನವೆಂದರೆ ಇವತ್ತು ನಮ್ಮ ಎಸೆತಗಾರ ಕೆಮ್ಮಿದ್ದು ನನ್ನ ಗಾಜಿನ ಕೋಣೆಗೆ ಕೇಳಿಸಿತು. ಮೊದಲನೇ ಬೇಸಿನ ಕಡೆ ಇಬ್ಬರು ಗಂಡಸರು ಚಪ್ಪಲಿ ಬಿಚ್ಚಿಟ್ಟು, ಎರಡೆರಡು ಬೆಂಚಿನ ಮೇಲೆ ಮೈಚಾಚಿ ಮಲಗಿದ್ದರು. ಒಬ್ಬಳು ಹೆಂಗಸು ಸ್ವೆಟರ್ ಹೆಣೆಯುತ್ತಿದ್ದಳು, ಒಮ್ಮೆಯೂ ತಲೆ ಎತ್ತಲಿಲ್ಲ.

ಬೇಸರ ಕಳೆಯಲು ತಲೆ ಎಣಿಸಿದೆ. ಮೂರನೇ ಬೇಸಿನ ಮೇಲ್ಸಾಲಿನಿಂದ ಶುರು ಮಾಡಿದೆ. ಯಾವುದಾದರೂ ಒಂದು ಕಡೆಯಿಂದ ಶುರು ಮಾಡಬೇಕಲ್ಲ. ಮುದುಕ ಒಂದು. ಅಲ್ಲಿಂದ ಬಲಕ್ಕೆ ಬರುತ್ತಾ ಇನ್ನೂರ ಹನ್ನೆರಡು. ಚೀಟಿಯಲ್ಲಿ ನಾಲ್ಕು ಸಾವಿರ ಇತ್ತು, ಓದಿದೆ.

ನಾನು ಸೇರಿದ ವರ್ಷ ಗಿರಣಿಯ ಬೆಳಗಿನ ಪಾಳಿ ಮುಗಿದ ಕೂಡಲೇ ಹುಡುಗಿಯರು ನೂಲಿನ ಧೂಳನ್ನೂ ಕೊಡವಿಕೊಳ್ಳದೆ ಓಡಿ ಬರುತ್ತಿದ್ದರು. ಹಡಗುಕಟ್ಟೆಯವರಿಗೆಂದೇ ಕಂಪನಿ ಎರಡು ರೈಲು ಹೆಚ್ಚಿಗೆ ಬಿಡುತ್ತಿತ್ತು. ನಾಲ್ಕನೆಯ ಬ್ಯಾಟರನ ಹೆಸರಿನ ಮೊದಲ ಅಕ್ಷರ ಹೇಳಿದೆನೋ ಇಲ್ಲವೋ, ಉಳಿದದ್ದನ್ನು ಜನರೇ ನುಂಗಿಬಿಡುತ್ತಿದ್ದರು. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಆಮೇಲೆ ಗಿರಣಿ ಮುಚ್ಚಿತು. ಇದ್ದವರು ಮನೆಯಲ್ಲಿ ಕೂತು ಟಿವಿಯಲ್ಲಿ ಟೋಕಿಯೊದ ಆ ದೊಡ್ಡ ತಂಡವನ್ನು ನೋಡತೊಡಗಿದರು. ಮೈದಾನದಿಂದ ನಾಲ್ಕು ಹೆಜ್ಜೆ ದೂರದ ಕ್ಷೌರದಂಗಡಿಯಲ್ಲೂ ಅದೇ ತಂಡ. ಆ ಅಂಗಡಿಯ ಮೇಲಿನ ಕೋಣೆಯಲ್ಲೇ ನಾನಿರುವುದು.

ಜುಲೈ 8, ಗುರುವಾರ

ಪತ್ರಿಕೆಯಲ್ಲಿ ಸುದ್ದಿ. ರೈಲು ಕಂಪನಿ ಹೆರಾನ್ಸ್ ತಂಡವನ್ನು ಮಾರಲಿದೆಯಂತೆ. ಕೊಳ್ಳುವವರು ದೂರದ ಉತ್ತರದ ಊರಿನವರಂತೆ.

ಅಕುತ್ಸು ನಕ್ಕುಬಿಟ್ಟರು. "ಪೇಪರಿನೋರಿಗೆ ಮಳೆಗಾಲದಲ್ಲಿ ಬರೆಯೋಕೆ ಬೇರೇನೂ ಇರಲ್ಲ ಇನಾಗಾಕಿ. ನೀನು ಗಂಟಲು ನೋಡ್ಕೋ, ಸಾಕು."

ನಗುವಾಗ ಅವರು ನನ್ನ ಮುಖ ನೋಡಲಿಲ್ಲ.

ಜುಲೈ 9

ನೂರ ತೊಂಬತ್ತು. ಚೀಟಿಯಲ್ಲಿ ಐದು ಸಾವಿರ. ಸುದ್ದಿ ಬಂದ ಮೇಲೆ ಒಂದು ಸಾವಿರ ಹೆಚ್ಚಿಸಿದ್ದಾರೆ.

ಮುದುಕ ಬಂದಿದ್ದ. ಏನೂ ಅನ್ನಲಿಲ್ಲ. ಇಂಥ ದಿನವಾದರೂ ಏನಾದರೂ ಅನ್ನಬಹುದಿತ್ತು.

ಆಗಸ್ಟ್ 20, ಶುಕ್ರವಾರ

ನಿಜವಂತೆ.

ಮಧ್ಯಾಹ್ನ ಮೂರಕ್ಕೆ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿ ಅಕುತ್ಸು ಕಾಗದ ಓದಿದರು. ಆಟಗಾರರು ಉತ್ತರಕ್ಕೆ ಹೋಗುತ್ತಾರೆ. ಮೈದಾನ ಒಡೆದು ಅಂಗಡಿಗಳ ಕಟ್ಟಡ ಕಟ್ಟುತ್ತಾರೆ. ಹುಲ್ಲು ನೋಡಿಕೊಳ್ಳುವವರಿಗೆ ರೈಲು ನಿಲ್ದಾಣದ ಹೂದೋಟದ ಕೆಲಸ.

"ಮತ್ತೆ ನಾನು?" ಎಂದೆ.

"ಅಲ್ಲಿ ಇಪ್ಪತ್ತೊಂದು ವರ್ಷದ ಹುಡುಗಿನ ಆಗಲೇ ಆರಿಸಿದಾರೆ," ಎಂದರು. "ನಿನಗೆ ಕಂಪನಿಯ ಡಿಪಾರ್ಟ್‌ಮೆಂಟ್ ಸ್ಟೋರಲ್ಲಿ ಅನೌನ್ಸ್ ಮಾಡೋ ಕೆಲಸ ಕೇಳಿದೀನಿ. ಮಗು ಕಳೆದೋಯ್ತು, ಮೂರನೇ ಮಹಡಿಲಿ ರಿಯಾಯ್ತಿ, ಅಂಥದ್ದು. ಇಲ್ಲ ಅನ್ಬೇಡ."

ಇಲ್ಲ ಅನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ.

ಆಗಸ್ಟ್ 21

ಏನೂ ಬರೆಯುವಂತಿಲ್ಲ. ಊಟ ಸೇರಲಿಲ್ಲ.

ಸೆಪ್ಟೆಂಬರ್ 10, ಶುಕ್ರವಾರ

ಚಂಡಮಾರುತ. ಆಟ ರದ್ದು. ಇದನ್ನು ಮುಂದೆ ಯಾವಾಗಲೋ ಆಡಿ ತೀರಿಸಬೇಕು.

ಗಾಳಿಗೆ ಬೋರ್ಡಿನಿಂದ ನಮ್ಮ ತಂಡದ ಹೆಸರಿನ ಎರಡು ಅಕ್ಷರ ಕಿತ್ತು ಹೋದವು. ಹಾಕಿಸುವುದು ಬೇಡ ಎಂದರು ಅಕುತ್ಸು.

ಸೆಪ್ಟೆಂಬರ್ 28, ಮಂಗಳವಾರ

ಭಾನುವಾರ, ಅಕ್ಟೋಬರ್ ಮೂರಕ್ಕೆ ವಿದಾಯದ ಆಟ. ಊರೆಲ್ಲ ಅದರದೇ ಮಾತು. ಟಿಕೆಟ್ ನಿನ್ನೆ ಮಧ್ಯಾಹ್ನಕ್ಕೇ ಖಾಲಿ. ನನ್ನ ಕೆಳಗಿನ ಕ್ಷೌರದವನು ಐದು ತೆಗೆದುಕೊಂಡಿದ್ದಾನೆ. ಹತ್ತು ವರ್ಷದಿಂದ ಮೈದಾನದ ಮೆಟ್ಟಿಲು ಹತ್ತದವನು ಇವತ್ತು ಕತ್ತರಿ ಹಿಡಿದುಕೊಂಡೇ ಬೀದಿಗೆ ಬಂದು, "ನಮ್ಮ ತಂಡಾನ ಹೀಗ್ ಮಾಡ್ಬಿಟ್ರಲ್ಲ ಇನಾಗಾಕಿ ಅವ್ರೇ!" ಎಂದು ಕಣ್ಣು ಒರೆಸಿಕೊಂಡ. ನಮ್ಮ ತಂಡವಂತೆ.

ಚಂಡಮಾರುತಕ್ಕೆ ರದ್ದಾದ ಆಟಕ್ಕೂ ದಿನ ಗೊತ್ತಾಯಿತು. ಅದು ಆರಕ್ಕೆ, ಬುಧವಾರ. ಅಂದರೆ ವಿದಾಯ ಹೇಳಿ ಮೂರು ದಿನಕ್ಕೆ ಇನ್ನೊಮ್ಮೆ ಆಡಬೇಕು. "ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ ಬಿಡು," ಎಂದರು ಅಕುತ್ಸು.

ಅಕ್ಟೋಬರ್ 3, ಭಾನುವಾರ

ಇಪ್ಪತ್ತೆಂಟು ಸಾವಿರ.

ಚೀಟಿಯಲ್ಲಿ ಇದ್ದದ್ದೂ ಅಷ್ಟೇ, ಕಣ್ಣೆದುರು ಇದ್ದದ್ದೂ ಅಷ್ಟೇ. ಮೆಟ್ಟಿಲ ಮೇಲೆಲ್ಲ ಜನ ಕೂತಿದ್ದರು. ನಾಲ್ಕನೆಯ ಬ್ಯಾಟರನ ಹೆಸರಿನ ಮೊದಲ ಅಕ್ಷರ ಹೇಳಿದೆ, ಉಳಿದದ್ದು ಸದ್ದಿನಲ್ಲಿ ಮುಳುಗಿ ಹೋಯಿತು. ಎಷ್ಟೋ ವರ್ಷದಿಂದ ಇದಕ್ಕೆ ಕಾದಿದ್ದೆ. ಬಂದಾಗ ಮೈ ತಣ್ಣಗಾಯಿತು. ಇವರೆಲ್ಲ ಇಷ್ಟು ದಿನ ಎಲ್ಲಿದ್ದರು? ಇದೇ ಊರಿನಲ್ಲಿ, ಇದೇ ಬೀದಿಗಳಲ್ಲಿ, ಇದೇ ರೈಲುಗಳಲ್ಲಿ ಇದ್ದರಲ್ಲ! ಹಾಸಿಗೆ ಹಿಡಿದವಳನ್ನು ಒಮ್ಮೆಯೂ ನೋಡಲು ಬಾರದ ನೆಂಟರು ಹೆಣ ಎತ್ತುವ ಹೊತ್ತಿಗೆ ಹೊಸ ಬಟ್ಟೆ ಹಾಕಿಕೊಂಡು ಬಂದ ಹಾಗಿತ್ತು.

ಸಂಖ್ಯೆ ಓದಿದಾಗ ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು. "ಹೋಗಬೇಡಿ! ಹೋಗಬೇಡಿ!" ಎಂದು ಕೂಗಿದರು. ಆಟ ಮುಗಿದ ಮೇಲೆ ಸಾವಿರ ಜನ ಬೇಲಿ ಹಾರಿ ಒಳಗೆ ನುಗ್ಗಿ ಮಣ್ಣನ್ನು ಚೀಲಗಳಿಗೆ ತುಂಬಿಕೊಂಡರು. ಬೆಂಚಿನ ಹಲಗೆ ಕಿತ್ತುಕೊಂಡು ಹೋದವರೂ ಉಂಟು. ಅಕುತ್ಸು ಮೂಲೆಯಲ್ಲಿ ನಿಂತು ಹೆಂಗಸಿನ ಹಾಗೆ ಅತ್ತರು. ನನಗೆ ಅಳು ಬರಲಿಲ್ಲ.

ಮೂರನೇ ಬೇಸಿನ ಮೇಲ್ಸಾಲಿನಲ್ಲಿ, ಆ ಜಾಗದಲ್ಲಿ, ಕ್ಯಾಮರಾ ಹಿಡಿದ ಗಂಡಹೆಂಡತಿ ಕೂತಿದ್ದರು. ಜನ ಕರಗಿದ ಮೇಲೆ ಮಿತ್ಸುಯೊಳನ್ನು ಕೇಳಿದೆ.

"ಬಂದಿದ್ರು ಅಕ್ಕಾ, ಎಂದಿನ ಹಾಗೆ ಐದು ಗಂಟೆಗೆ. ಟಿಕೆಟ್ ಖಾಲಿಯಾಗಿ ಒಂದು ವಾರ ಆಯ್ತು ಅಜ್ಜಾ ಅಂದೆ. ಅವ್ರಿಗೆ ಅರ್ಥನೇ ಆಗ್ಲಿಲ್ಲ. 'ಇಲ್ಲಿ ಟಿಕೆಟ್ ಖಾಲಿ ಆಗತ್ತಾ?' ಅಂದ್ರು. ಹಿಂದಿನ ಬಾಗಿಲಿಂದ ಬಿಡ್ತೀನಿ ಬನ್ನಿ ಅಂದ್ರೆ ಬರ್ಲಿಲ್ಲ. ಕೊನೇವರೆಗೂ ಸೈಕಲ್ ಸ್ಟ್ಯಾಂಡಲ್ಲೇ ನಿಂತಿದ್ರು, ಗೋಡೆ ಕಡೆ ಮುಖ ಮಾಡ್ಕೊಂಡು."

ಇಪ್ಪತ್ತೆಂಟು ಸಾವಿರ ಜನ ಒಳಗೆ. ಆ ಒಬ್ಬರು ಹೊರಗೆ. ಇದು ಮೈದಾನದ ಕಚೇರಿಯ ತಪ್ಪು. ವರ್ಷವೆಲ್ಲ ಬಂದವರಿಗೆ ಮೊದಲು ಕೊಡಬೇಕಿತ್ತು. ಒಂದು ಸಾಲು, ಒಂದೇ ಒಂದು ಸಾಲು ತೆಗೆದಿಟ್ಟಿದ್ದರೆ ಸಾಕಿತ್ತು. ಇದನ್ನು ಅಕುತ್ಸುಗೆ ಹೇಳಲು ಹೋದೆ, ಅವರು ಇನ್ನೂ ಅಳುತ್ತಿದ್ದರು.

ಅಕ್ಟೋಬರ್ 4, ಸೋಮವಾರ

ತರಕಾರಿ ಹೆಚ್ಚುವ ಚಾಕು ಮೊಂಡಾಗಿತ್ತು. ಕುಸಕಾ ಅವರು ಈಗ ಕತ್ತರಿ, ಚಾಕು ಸಾಣೆ ಹಿಡಿಯುತ್ತಾರೆ ಎಂದು ಮಿತ್ಸುಯೊ ಹೇಳಿದ್ದಳು. ಹಳೆಯ ಗಿರಣಿಯ ಹಿಂದಿನ ಓಣಿ. ಚಾಕುವಿಗಾಗಿಯೇ ಹೋದೆ. ಹೇಗೂ ಹೋಗಿದ್ದೇನೆ, ಕಚೇರಿಯ ಪರವಾಗಿ ಒಂದು ಕ್ಷಮೆಯ ಮಾತು ಹೇಳಿ ಬರೋಣ ಎಂದುಕೊಂಡೆ.

ಮೇಲ್ಸಾಲಿನಲ್ಲಿ ದೊಡ್ಡದಾಗಿ ಕಾಣುವ ಮನುಷ್ಯ ಹತ್ತಿರದಿಂದ ಇಷ್ಟೇ ಇದ್ದಾರೆ. ಸಾಣೆಕಲ್ಲಿನ ಹಿಂದೆ ಮೊಣಕಾಲು ಮಡಚಿ ಕೂತಿದ್ದರು. ನನ್ನ ಮುಖ ಗುರುತು ಹತ್ತಲಿಲ್ಲ.

"ಸಾಣೆ ಹಿಡಿಸಬೇಕಿತ್ತು," ಎಂದೆ.

"ಆಂ?"

"ಈ ಚಾಕು. ಸಾಣೆ ಹಿಡಿಸಬೇಕಿತ್ತು!"

ಕಲ್ಲಿನಿಂದ ಕೈ ತೆಗೆದರು. "ಇನ್ನೊಂದ್ ಸಲ ಹೇಳು."

ಹೇಳಿದೆ.

"ಅರೆರೆ! ಐದು ಸಾವಿರದ ಹೆಂಗಸು!" ಓಣಿಯ ಆ ತುದಿಗೆ ಕೇಳುವ ಹಾಗೆ ಕೂಗಿದರು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. "ನನ್ ಮೇಲೆ ದೂರು ಕೊಟ್ಟೋಳೂ ನೀನೇ ತಾನೆ?"

"ಹೌದು."

"ಒಳ್ಳೇದಾಯ್ತು ಬಿಡು. ನನ್ನ ಬಾಯಿ ಮುಚ್ಸೋಕೆ ನನ್ನ ಹೆಂಡ್ತಿ ನಲವತ್ತು ವರ್ಷ ಒದ್ದಾಡಿದ್ಲು, ಅವಳ ಕೈಲೂ ಆಗಿರ್ಲಿಲ್ಲ." ನಕ್ಕರು. ಚಾಕುವನ್ನು ಕಲ್ಲಿಗೆ ಹಿಡಿದರು.

ಭಾನುವಾರದ ವಿಷಯಕ್ಕೆ ದನಿ ಎತ್ತಿ ಕ್ಷಮೆ ಕೇಳಿದೆ. ತಲೆ ಎತ್ತದೆ ಕೈ ಆಡಿಸಿದರು. ಬುಧವಾರ ಇನ್ನೊಂದು ಆಟ ಇದೆ ಎಂದೆ.

"ನಿನ್ನೆ ಮಣ್ಣು ಮಾಡಿ ಆಯ್ತಲ್ಲ, ಮತ್ತೇನು ಆಟ?"

"ಮಳೆಗೆ ನಿಂತದ್ದು. ಆಡಲೇಬೇಕು. ನೀವು ಬನ್ನಿ."

"ಎಷ್ಟು ಜನ ಬರ್ತಾರೆ ಅದಕ್ಕೆ?"

"ನೂರೈವತ್ತು ಆದರೆ ಹೆಚ್ಚು."

"ಎಷ್ಟು ಅಂತ ಓದ್ತೀಯ?"

"ಚೀಟಿಲಿ ಕೊಟ್ಟಿದ್ದನ್ನ ಓದ್ತೀನಿ. ನನ್ನ ಕೆಲಸ ಅಷ್ಟೇ."

"ಹಾಗಾದ್ರೆ ನಾನ್ ಯಾಕ್ ಬರ್ಲಿ?" ಚಾಕುವಿನ ಅಂಚನ್ನು ಹೆಬ್ಬೆರಳಿಗೆ ತಾಗಿಸಿ ನೋಡಿದರು. "ಗಿರಣಿ ಮುಚ್ಚಿದ ಮೇಲೆ ನಾನು ಹೋಗ್ತಿದ್ದಿದ್ದು ಅದೊಂದೇ ಜಾಗಕ್ಕೆ ಕಣಮ್ಮಾ. ಒಂದಿನ ಇನ್ನೂರು ಜನ, ಒಂದಿನ ಮುನ್ನೂರು ಜನ. ಅದರಲ್ಲಿ ನಾನೊಬ್ಬ. ನೀನು ಐದು ಸಾವಿರ ಅಂತೀಯ. ಆ ಐದು ಸಾವಿರದಲ್ಲಿ ನಾನೆಲ್ಲಿದ್ದೆ ಹೇಳು? ನಾನು ಬಂದ್ರೂ ಐದು ಸಾವಿರ, ಬರದಿದ್ರೂ ಐದು ಸಾವಿರ. ಅದಕ್ಕೇ ಕೂಗ್ತಿದ್ದೆ. ಆಮೇಲೆ ಅದಕ್ಕೂ ನಿಮ್ಮ ಮ್ಯಾನೇಜರ್ ಬಂದು ಟೊಪ್ಪಿ ತೆಗೆದು ಕೈ ಮುಗಿದ್ರು."

ಒಂದು ಮೂಲಂಗಿಯನ್ನು ಗಾಳಿಯಲ್ಲೇ ಹಿಡಿದು ಕಚ್ಚನೆ ಕತ್ತರಿಸಿ ತೋರಿಸಿ ಚಾಕು ಕೊಟ್ಟರು.

"ಜೋಪಾನ. ಈಗ ಬೆರಳು ಕುಯ್ದ್ರೂ ಗೊತ್ತಾಗಲ್ಲ."

ಬರುತ್ತೀರಾ ಎಂದು ಮತ್ತೊಮ್ಮೆ ಕೇಳಿದೆ. ಬಾಗಿಲ ಹತ್ತಿರ ಬಂದು ಇನ್ನೊಮ್ಮೆ. ಸಾಣೆಕಲ್ಲು ತಿರುಗುತ್ತಿತ್ತು, ಕೇಳಿಸಲಿಲ್ಲವೋ ಏನೋ. ಬಂದರೆಷ್ಟು, ಬಿಟ್ಟರೆಷ್ಟು. ಮುಗಿದುಹೋದ ತಂಡಕ್ಕೆ ಒಬ್ಬ ಪ್ರೇಕ್ಷಕ ಹೆಚ್ಚಾದರೇನು, ಕಡಿಮೆಯಾದರೇನು?

ಚಾಕು ಚೆನ್ನಾಗಿ ಹರಿತವಾಗಿದೆ. ಬೇಯಿಸಲು ಮನಸ್ಸಾಗಲಿಲ್ಲ.

ಅಕ್ಟೋಬರ್ 6, ಬುಧವಾರ

ಭಾನುವಾರ ಮುರಿದ ಹಲಗೆಗಳನ್ನು ಸರಿ ಮಾಡಿಸಿರಲಿಲ್ಲ. ಅಲ್ಲಲ್ಲಿ ಹಲ್ಲು ಉದುರಿದ ಬಾಯಿಯ ಹಾಗೆ ಸಾಲುಗಳು. ವಿದಾಯದ ಹೂಮಾಲೆಗಳು ಬೇಲಿಯ ಮೇಲೆ ಬಾಡಿ ನೇತಾಡುತ್ತಿದ್ದವು. ಆರು ಗಂಟೆಗೆ ದೀಪ ಹಾಕಿದಾಗ ಹುಳಗಳು ಬಂದವು. ಜನ ಬರಲಿಲ್ಲ.

ಎಣಿಸಿದೆ. ಮೂರನೇ ಬೇಸಿನ ಮೇಲ್ಸಾಲು ಖಾಲಿ ಇತ್ತು. ಆದ್ದರಿಂದ ಎಣಿಕೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಎರಡು ಸಲ ತಪ್ಪಿತು. ಕೊನೆಗೆ ಗೇಟಿಗೆ ಫೋನ್ ಮಾಡಿ ಮಿತ್ಸುಯೊಳನ್ನು ಕೇಳಿದೆ. ನೂರ ಅರವತ್ತೆರಡು ಎಂದಳು.

ಏಳನೆಯ ಸುತ್ತಿಗೆ ಚೀಟಿ ಬಂತು: 3,000. ಅಕುತ್ಸು ಅವರ ದುಂಡು ಬರಹ. ಪಾಪ, ಸೊನ್ನೆಗಳನ್ನು ಎಷ್ಟು ನೀಟಾಗಿ ಬರೆದಿದ್ದರು! ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ಮೈಕಿನ ಗುಂಡಿ ಒತ್ತಿದೆ.

"ಇಂದಿನ ಪ್ರೇಕ್ಷಕರ ಸಂಖ್ಯೆ," ಎಂದೆ, "ನೂರ ಅರವತ್ತಮೂರು."

ಹೊರಮೈದಾನದ ಆಟಗಾರರು ತಿರುಗಿ ನನ್ನ ಗಾಜಿನತ್ತ ನೋಡಿದರು. ಬ್ಯಾಟ್ ಬೀಸುತ್ತಿದ್ದವನು ಬೀಸುವುದನ್ನು ನಿಲ್ಲಿಸಿದ. ಆಮೇಲೆ ಒಂದು ಕಡೆ ಒಬ್ಬರು ಚಪ್ಪಾಳೆ ತಟ್ಟಿದರು, ಇನ್ನೊಂದು ಕಡೆ ಇನ್ನೊಬ್ಬರು. ಯಾರ ಕೈ ಎಂದು ಬೇರೆ ಬೇರೆಯಾಗಿ ಗುರುತಿಸಬಹುದಿತ್ತು. ಮಲಗಿದ್ದವನೊಬ್ಬ ಎದ್ದು ಕೂತು ಸುತ್ತ ನೋಡಿದ.

ಅಕುತ್ಸು ಬಾಗಿಲಲ್ಲಿ ಬಂದು ನಿಂತರು. ಬಯ್ಯುತ್ತಾರೆ ಎಂದುಕೊಂಡೆ.

"ಮೇಲಿನೋರು ಕೇಳಿದ್ರೆ ಏನು ಹೇಳ್ಲಿ?"

"ಇನಾಗಾಕಿ ತಪ್ಪು ಓದಿದಳು ಅನ್ನಿ."

"ತಪ್ಪು ಓದಿದ್ಯಾ?"

"ಹೌದು. ಒಂದು ಹೆಚ್ಚಿಗೆ."

ಅವರಿಗೆ ಅರ್ಥವಾಗಲಿಲ್ಲ. ತಮ್ಮ ಕೋಣೆಗೆ ಇಳಿದು ಹೋದರು.

ಆ ಒಂದನ್ನು ಯಾಕೆ ಸೇರಿಸಿದೆನೋ. ಕುಸಕಾ ಅವರು ಬರುತ್ತಾರೆ ಎಂದುಕೊಂಡೆ. ನನ್ನ ಮಾತು ಕೇಳಿಸಿಲ್ಲ ಎಂದು ನಟಿಸಿದ್ದಾರೆ, ಬಂದೇ ಬರುತ್ತಾರೆ, ಬಂದಾಗ ಅವರ ಹೆಸರಿಗೆ ಒಂದು ಇರಲಿ ಎಂದು. ಎಂಟನೆಯ ಸುತ್ತಿನಲ್ಲಿ ಆ ಜಾಗ ನೋಡಿದೆ. ಒಂಬತ್ತನೆಯದರಲ್ಲಿ ಆಟ ನೋಡದೆ ಅದನ್ನೇ ನೋಡುತ್ತಾ ಕೂತೆ. ಕೊನೆಯ ಬ್ಯಾಟರನ ಹೆಸರನ್ನೂ ಆ ಕಡೆ ನೋಡುತ್ತಲೇ ಹೇಳಿದೆ. ಖಾಲಿ ಹಲಗೆ. 4-1, ಸೋತೆವು. ಮೈಕು ಆರಿಸಿದೆ.

ಇಪ್ಪತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಚೀಟಿ ಬಿಟ್ಟು ನಿಜ ಹೇಳಲು ಹೊರಟೆ. ಅದರಲ್ಲೂ ಒಂದು ಸುಳ್ಳು ಸೇರಿಕೊಂಡಿತು. ಕೂಗಿ ತಿದ್ದುವುದಕ್ಕೆ ಒಬ್ಬರೂ ಇರಲಿಲ್ಲ.

ಅಕ್ಟೋಬರ್ 7, ಗುರುವಾರ

ಸಮವಸ್ತ್ರ ಒಪ್ಪಿಸಲು ಹೋಗಿದ್ದೆ. ಮಿತ್ಸುಯೊ ಕೂಡ ಬಂದಿದ್ದಳು. ನೋಡಿದ ಕೂಡಲೇ ನನ್ನ ತೋಳು ಹಿಡಿದಳು.

"ನಿನ್ನೆ ನಾನು ಅಷ್ಟು ಸರಿಯಾಗಿ ಹೇಳಿದೀನಿ, ನೀವ್ಯಾಕೆ ಅಕ್ಕಾ ನೂರ ಅರವತ್ತಮೂರು ಅಂದ್ರಿ? ಅದರಿಂದ ಏನಾಯ್ತು ಗೊತ್ತಾ?"

ಕುಸಕಾ ಅವರು ಆರು ಗಂಟೆಯಿಂದ ಸೈಕಲ್ ಸ್ಟ್ಯಾಂಡಿನಲ್ಲೇ ಇದ್ದರಂತೆ. ಗೋಡೆಯ ಕಡೆ ಕಿವಿ ಕೊಟ್ಟು. ನಾನು ಸಂಖ್ಯೆ ಓದಿದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದು, ಒಂಬತ್ತನೆಯ ಸುತ್ತಿನಲ್ಲಿ ಗೇಟಿಗೆ ಬಂದರಂತೆ.

"'ನಿನ್ನ ಗೇಟಲ್ಲಿ ಎಷ್ಟಾಯ್ತು?' ಅಂದ್ರು. ನೂರ ಅರವತ್ತೆರಡು ಅಂದೆ. 'ಆ ಹೆಂಗಸು ಅರವತ್ತಮೂರು ಅಂದ್ಲಲ್ಲ?' ಅಂದ್ರು. ತಪ್ಪಿ ಓದಿರ್ಬೇಕು ಅಜ್ಜಾ ಅಂದೆ. ಆಮೇಲೆ, 'ಒಂದು ಟಿಕೆಟ್ ಕೊಡು' ಅಂದ್ರು. ಇನ್ನೊಂದು ಔಟ್ ಆದ್ರೆ ಆಟನೇ ಮುಗೀತು, ಸುಮ್ನೆ ಒಳಗೆ ಹೋಗಿ ಅಂದೆ. ಬೈದ್ಬಿಟ್ರು ಅಕ್ಕಾ! 'ಬಿಟ್ಟಿ ಹೋದ್ರೆ ಲೆಕ್ಕಕ್ಕೆ ಬರಲ್ಲ, ಹರಿ ಟಿಕೆಟ್ನ' ಅಂತ. ಹರಿದು ಕೊಟ್ಟೆ."

"ಎಲ್ಲಿ ಕೂತರು?"

"ಕೂರೋಕೆ ಹೊತ್ತೆಲ್ಲಿತ್ತು? ಮೊದಲನೇ ಬೇಸಿನ ಮೆಟ್ಟಿಲ ಮೇಲೆ ನಿಂತ್ಕೊಂಡ್ರು. ನಿಮ್ಮ ಗಾಜಿನ ಕೋಣೆಯ ಸರಿಯಾಗಿ ಕೆಳಗೆ. ಎರಡು ಎಸೆತ ನೋಡಿದ್ರು, ಅಷ್ಟೇ."

ನನ್ನ ಕೋಣೆಯಿಂದ ಆ ಮೆಟ್ಟಿಲು ಕಾಣುವುದಿಲ್ಲ.

ಸಮವಸ್ತ್ರ ಒಪ್ಪಿಸಿದೆ. ಕೆಳಗಿನ ಕೋಣೆಯಲ್ಲಿ ಅಕುತ್ಸು ಸ್ಟೋರಿನ ಕಾಗದ ಮುಂದಿಟ್ಟರು, ಸಹಿ ಮಾಡಿದೆ. ಹದಿನೈದಕ್ಕೆ ಸೇರಬೇಕು. ಅವರು ಬೀಗದ ಕೈಗಳನ್ನು ಒಂದೊಂದಾಗಿ ಗೊಂಚಲಿನಿಂದ ಬಿಡಿಸುತ್ತಿದ್ದರು. ಯಾವ ಬಾಗಿಲಿನದು ಎಂದು ಚೀಟಿ ಅಂಟಿಸಿ ಡಬ್ಬಿಗೆ ಹಾಕುತ್ತಿದ್ದರು. ಒಡೆದು ಹಾಕುವ ಬಾಗಿಲುಗಳಿಗೆ ಯಾಕೆ ಎಂದು ನಾನು ಕೇಳಲಿಲ್ಲ.

ಮನೆಗೆ ನಡೆದುಕೊಂಡೇ ಬಂದೆ. ಕ್ಷೌರದಂಗಡಿಯ ಟಿವಿಯಲ್ಲಿ ಟೋಕಿಯೊದ ತಂಡ. ಸಂಜೆ ಐದೂವರೆಗೆ ನೀರು ಬಿಸಿ ಮಾಡಿ, ಉಪ್ಪು ಹಾಕಿ, ಗಂಟಲು ತೊಳೆದುಕೊಂಡೆ. ಉಗಿದ ಮೇಲೆ ನೆನಪಾಯಿತು, ಇವತ್ತು ಆಟವಿಲ್ಲ. ನಾಳೆಯೂ ಇಲ್ಲ.